ಕಾಡುಜೋಳದ ಎಲೆಯೊಳಗಿನ ಹುಳು

ಕಲಬುರಗಿ ಹತ್ತಿರದ ನಮ್ಮ ತೊಗರಿ ಹೊಲದ ಬದುವಿನಲ್ಲಿ ಮಳೆಗಾಲಕ್ಕೆ ಕಾಡುಜೋಳ ಎದೆಯೆತ್ತರ ಬೆಳೆಯುತ್ತದೆ. ಭಾದ್ರಪದದ ಒಂದು ಮುಂಜಾನೆ ಅದರ ಎಲೆಗಳಲ್ಲಿ ಬಿಳಿ ಗೆರೆ ಕಂಡೆ. ಎಲೆಯ ಪದರಗಳ ನಡುವೆ ಸುರಂಗ ಕೊರೆದು ತಿನ್ನುವ, ಟೊಮೆಟೊದ ರಂಗೋಲಿ ಹುಳುವೇ ಇರಬೇಕು ಅಂದುಕೊಂಡೆ. ಆದರೆ ಟೊಮೆಟೊ ಎಲೆಯಲ್ಲಿ ಗೆರೆ ಹಾವಿನ ಹಾಗೆ ಸುತ್ತುತ್ತದೆ, ಇಲ್ಲಿ ನರದ ಗುಂಟ ನೆಟ್ಟಗೆ ಹೋಗಿತ್ತು. ಹುಲ್ಲಿನ ನರಗಳು ಉದ್ದುದ್ದ ಸಾಲಾಗಿರುತ್ತವೆ, ಯಾವ ಹುಳುವಾದರೂ ಹೆಚ್ಚಾಗಿ ಅವುಗಳ ನಡುವೆಯೇ ಹಾದಿ ಮಾಡಿಕೊಳ್ಳುತ್ತದೆ. ಗೆರೆ ನೋಡಿ ಹೆಸರಿಡುವುದನ್ನು ಅಲ್ಲಿಗೇ ಬಿಟ್ಟೆ.

"ಹುಲ್ಲಾಗ ಏನ್ ಹುಡುಕ್ಲತ್ತಿ ತಮ್ಮಾ?" ಬಾಜು ಹೊಲದ ಕಾಕಾ ಕೇಳಿದರು. ಎಲೆಯನ್ನು ಬಿಸಿಲಿಗೆ ಹಿಡಿದು ತೋರಿಸಿದೆ. ಎರಡು ಪದರದ ನಡುವೆ ಹುಳು ಅಲುಗಾಡುತ್ತಿತ್ತು. ಕಾಕಾ ಬಹಳ ಹೊತ್ತು ಆ ಎಲೆ ಕೈಬಿಡಲಿಲ್ಲ.

ಮನೆಗೆ ತಂದು ಸೂಜಿಯಿಂದ ಒಂದು ಸುರಂಗ ಬಿಡಿಸಿ, 10 ಪಟ್ಟು ದೊಡ್ಡದಾಗಿ ತೋರುವ ಲೆನ್ಸ್ ಹಿಡಿದೆ. ನಾನು ಮೊದಲು ನೋಡುವುದು ತಲೆ. ಪತಂಗದ ಮರಿಗೆ ಗಟ್ಟಿಯಾದ ಕಂದು ತಲೆ ಇರುತ್ತದೆ. ಮುಳ್ಳುದುಂಬಿಯ ಮರಿಗೂ ತಲೆ ಉಂಟು. ನೊಣದ ಮರಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಮುಂದೆ ಕಪ್ಪು ಕೊಕ್ಕೆಯಂಥ ಬಾಯಿ ಮಾತ್ರ. ನನ್ನದರಲ್ಲಿ ಕಂಡದ್ದು ಆ ಕೊಕ್ಕೆ. ಹಿಕ್ಕೆಯೂ ಅದಕ್ಕೇ ಹೊಂದಿತ್ತು: ನಡುವೆ ಒಂದೇ ಸಾಲಾಗಿರದೆ, ಸುರಂಗದ ಎರಡೂ ಅಂಚಿಗೆ ಚುಕ್ಕಿಚುಕ್ಕಿಯಾಗಿ ಬಿದ್ದಿತ್ತು.

ಮರಿಯಿಂದ ಜಾತಿ ತಿಳಿಯದು, ನೊಣ ಹೊರಬರಲೇಬೇಕು. ಮೊದಲ ಸೀಸೆಯಲ್ಲಿ ಒದ್ದೆ ಹತ್ತಿ ಇಟ್ಟೆ, 3 ದಿನಕ್ಕೆ ಎಲೆಗೆ ಬೂಸ್ಟು ಹಿಡಿಯಿತು. ಎರಡನೆಯದರಲ್ಲಿ ಒಣ ಟಿಶ್ಯೂ ಹಾಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿದೆ. ಹೂಗೊಂಚಲಿರುವ ಒಂದು ದಂಟನ್ನೂ ಹಳೇ ಪೇಪರಿನಲ್ಲಿ ಒತ್ತಿಟ್ಟೆ. ಹುಲ್ಲು ಯಾವುದೆಂದು ಖಚಿತವಾಗದಿದ್ದರೆ ಹುಳುವಿನ ಗುರುತೂ ಅರ್ಧಕ್ಕೇ ನಿಲ್ಲುತ್ತದೆ.

ಮೊದಲು ಹೊರಬಂದದ್ದು ಹಸಿರಾಗಿ ಹೊಳೆಯುವ ಪುಟ್ಟ ಕಣಜ! ಸುರಂಗ ಕೊರೆದದ್ದು ಇದೇ ಎಂದು ಆ ಸಂಜೆ ವಹಿಯಲ್ಲಿ ಬರೆದೂಬಿಟ್ಟೆ. ಆದರೆ ಅದು ಒಳಗಿನ ಮರಿಯನ್ನು ತಿಂದು ಬೆಳೆಯುವ ಪರತಂತ್ರ ಜೀವಿ. ಹೊಸಬರು ತಪ್ಪುವುದು ಇಲ್ಲಿಯೇ.

11ನೇ ದಿನ, ಕಂದು ಕಾಳಿನಂಥ ಕೋಶ ಒಡೆದು ಕಪ್ಪು ನೊಣ ಬಂತು, ಸುಮಾರು 2 ಮಿ.ಮೀ. ಅದರ ಮೀಸೆಯ ಮೂರನೇ ಗೆಣ್ಣಿನ ಮೇಲ್ಮೂಲೆ ಚೂಪಾಗಿತ್ತು. ಎಲೆ ಕೊರೆಯುವ ನೊಣಗಳ ಅಗ್ರೊಮೈಜಿಡೆ ಕುಟುಂಬದ ಸೂಡೊನಾಪೊಮೈಜಾ ಕುಲಕ್ಕೆ ಆ ಚೂಪು ಒಂದು ದೊಡ್ಡ ಗುರುತು. ಪ್ರಭೇದ ಹೇಳಲು ಗಂಡು ನೊಣದ ಜನನಾಂಗ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನನಗೆ ಸಿಕ್ಕದ್ದು ಹೆಣ್ಣು. ಊರು, ದಿನಾಂಕ, ಹುಲ್ಲಿನ ಹೆಸರು ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದಿಗೆ ಅದನ್ನು 70% ಆಲ್ಕೋಹಾಲಿನಲ್ಲಿ ಇಟ್ಟಿದ್ದೇನೆ. ಈ ಸಲ ಅದೇ ಬದುವಿನಿಂದ 20 ಎಲೆ ತಂದು, ಒಂದೊಂದಕ್ಕೂ ಒಂದೊಂದು ಸೀಸೆ ಮಾಡಿದ್ದೇನೆ.