ಬೀದರ್‌ನಿಂದ ವಿದೇಶಕ್ಕೆ ಬಿದ್ರಿ ಡಬ್ಬಿ: ಸುಂಕದ ಲೆಕ್ಕ ನಾನು ಹೇಗೆ ಮಾಡುತ್ತೇನೆ

ವಿದೇಶಕ್ಕೆ ಸಣ್ಣ ಪಾರ್ಸಲ್ ಕಳಿಸಲು ಅಂಚೆ ಖರ್ಚು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಅಲ್ಲಿ ಇಳಿದ ಮೇಲೆ ಸುಂಕ ಎಷ್ಟು, ಅದನ್ನು ಯಾರು ಕಟ್ಟಬೇಕು ಅಂತ ಕೇಳುವವರು ಕಡಿಮೆ. ಗಿರಾಕಿ ಜೊತೆ ಮನಸ್ತಾಪ ಆಗೋದು ಮಾತ್ರ ಈ ಎರಡನೆಯ ವಿಷಯಕ್ಕೇ.

ಬೀದರ್‌ನ ಹಳೇ ಊರಿನಲ್ಲಿ ನಮ್ಮದೊಂದು ಚಿಕ್ಕ ಬಿದ್ರಿ ಕಾರ್ಖಾನೆ. ಎರಕ, ಕೆತ್ತನೆ, ಬೆಳ್ಳಿ ಕೂರಿಸೋದು ನಮ್ಮನೆಯವರ ಕೆಲಸ. ಬಿಲ್ಲು, ಪ್ಯಾಕಿಂಗು, ಅಂಚೆ ಕಚೇರಿ ನನ್ನ ಪಾಲು. ಹೊರದೇಶಕ್ಕೆ ಹೋಗೋದು ಹೆಚ್ಚಾಗಿ ಡಬ್ಬಿ, ಪೆನ್ ಸ್ಟ್ಯಾಂಡು, ಪುಟ್ಟ ಸುರಾಹಿ. ಎಲ್ಲವೂ 2 ಕಿಲೋ ಒಳಗೆ. ಹಾಗಾಗಿ ಅಂಚೆ ಇಲಾಖೆಯ ಟ್ರ್ಯಾಕ್ಡ್ ಪ್ಯಾಕೆಟ್ ಸೇವೆಯಲ್ಲೇ ಕೆಲಸ ಆಗುತ್ತದೆ.

ಆರ್ಡರ್ ಬಂದ ಕೂಡಲೇ ಗಿರಾಕಿಗೆ ಮೂರು ಸಾಲಿನ ಲೆಕ್ಕ ಕಳಿಸುತ್ತೇನೆ. ವಸ್ತುವಿನ ಬೆಲೆ ಒಂದು ಸಾಲು, ಅಂಚೆ ಖರ್ಚು ಇನ್ನೊಂದು, ಅವರ ದೇಶದ ತೆರಿಗೆ ಮತ್ತು ಸುಂಕ ಮೂರನೆಯದು. ಆ ಮೂರನೆಯ ಸಾಲಿನ ಪಕ್ಕದಲ್ಲೇ ‘ಇದನ್ನು ನಾನು ಇಲ್ಲೇ ಕಟ್ಟುತ್ತೇನೆ’ ಅಥವಾ ‘ಇದನ್ನು ನೀವು ಅಲ್ಲಿ ಕಟ್ಟಬೇಕು’ ಅಂತ ಬರೆಯುತ್ತೇನೆ. ಅವರು ಒಪ್ಪಿ ಉತ್ತರ ಕೊಟ್ಟ ಮೇಲೆಯೇ ಪ್ಯಾಕಿಂಗ್. ಇನ್‌ವಾಯ್ಸ್‌ನಲ್ಲೂ ಅಂಚೆ ಖರ್ಚನ್ನು ಬೇರೆಯಾಗಿಯೇ ತೋರಿಸುತ್ತೇನೆ. ಯುರೋಪಿನಲ್ಲಿ 150 ಯೂರೋ, ಬ್ರಿಟನ್ನಿನಲ್ಲಿ 135 ಪೌಂಡ್ ಒಳಗಿನ ಪಾರ್ಸಲ್‌ಗೆ ತೆರಿಗೆಯ ನಿಯಮವೇ ಬೇರೆ. ಆ ಮಿತಿಗಳನ್ನು ಅಳೆಯೋದು ವಸ್ತುವಿನ ಬೆಲೆಯ ಮೇಲೆ. ಎರಡನ್ನೂ ಸೇರಿಸಿ ಒಂದೇ ಮೊತ್ತ ಬರೆದರೆ ಮಿತಿಯೊಳಗಿನ ಡಬ್ಬಿಯೂ ಸುಮ್ನೆ ಮಿತಿ ದಾಟುತ್ತದೆ.

ಇನ್ನು ಪಾರ್ಸಲ್ ಮೇಲೆ ಅಂಟಿಸುವ ಸಿಎನ್ 22, ಅಂದರೆ ಒಳಗೆ ಏನಿದೆ ಅಂತ ಕಸ್ಟಮ್ಸ್‌ಗೆ ಹೇಳುವ ಚೀಟಿ. ಬೆಲೆ 300 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ) ದಾಟಿದರೆ ಇನ್ನೂ ವಿವರವಾದ ಸಿಎನ್ 23. ಅಂಗೈಯಷ್ಟು ಚೀಟಿ, ಆದರೆ ಆ ಕಡೆಯ ಕಸ್ಟಮ್ಸ್‌ನವರಿಗೆ ನಮ್ಮ ಪರವಾಗಿ ಮಾತಾಡೋದು ಅದೊಂದೇ. ಬಹಳ ಜನ ‘ಹ್ಯಾಂಡಿಕ್ರಾಫ್ಟ್’ ಅಂತ ಒಂದು ಪದ ಬರೆದು ಬಿಡುತ್ತಾರೆ. ಅದರಿಂದ ಅಧಿಕಾರಿಗೆ ಏನೂ ಗೊತ್ತಾಗಲ್ಲ, ಪೆಟ್ಟಿಗೆ ಬಿಚ್ಚಿ ನೋಡಬೇಕಾಗುತ್ತದೆ. ನಾನು ಬರೆಯೋದು ಹೀಗೆ: ‘ಅಲಂಕಾರದ ಡಬ್ಬಿ, ಸತು ಮತ್ತು ತಾಮ್ರದ ಮಿಶ್ರಲೋಹ, ಬೆಳ್ಳಿ ಎಳೆ ಕೂರಿಸಿದ್ದು, ಹೊಸದು.’ ಚೀಟಿಯಲ್ಲಿ ಇದು ಇಂಗ್ಲಿಷ್‌ನಲ್ಲಿರುತ್ತದೆ. ಜೊತೆಗೆ ಸಂಖ್ಯೆ, ತೂಕ, ಬೆಲೆ, ಎಚ್‌ಎಸ್ ಕೋಡ್ (ಸರಕಿನ ಬಗೆ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ), ತಯಾರಾದ ದೇಶ ಭಾರತ. ಬಿದ್ರಿಯ ಅಲಂಕಾರಿಕ ಸಾಮಾನಿಗೆ ನಾವು ಬಳಸೋದು 8306ರ ಸಾಲಿನ ಕೋಡ್.

‘ಹೊಸದು’ ಅನ್ನೋ ಪದ ಬಿಡಬಾರದು. ನಮ್ಮ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಬಿದ್ರಿಯ ಚೆಲುವೇ ಅದು. ನೋಡುವವರಿಗೆ ಮಾತ್ರ ನಿಜಾಮರ ಕಾಲದ ವಸ್ತುವಿನ ಹಾಗೆ ಕಾಣುತ್ತದೆ. ನೂರು ವರ್ಷಕ್ಕಿಂತ ಹಳೆಯ ಕಲಾವಸ್ತುಗಳನ್ನು ನಾವು ನೀವು ಹೊರದೇಶಕ್ಕೆ ಕಳಿಸುವ ಹಾಗಿಲ್ಲ, 1972ರ ಕಾಯ್ದೆ ಇದೆ. ಅದಕ್ಕೇ ಇನ್‌ವಾಯ್ಸ್‌ನಲ್ಲಿ ತಯಾರಾದ ವರ್ಷವನ್ನೂ ಹಾಕುತ್ತೇನೆ.

ಅದೇ ಚೀಟಿಯಲ್ಲಿ ‘ಉಡುಗೊರೆ’, ‘ಸ್ಯಾಂಪಲ್’, ‘ಮಾರಾಟದ ಸರಕು’ ಅಂತ ಚೌಕಗಳಿರುತ್ತವೆ. ಗಿರಾಕಿಗಳ ಒತ್ತಾಯ ಶುರುವಾಗೋದು ಇಲ್ಲೇ. ಔರಾದ್ ಕಡೆಯಿಂದ ಹೋಗಿ ಟೆಕ್ಸಾಸ್‌ನಲ್ಲಿ ನೆಲೆಸಿದ ಒಬ್ಬರು ಫೋನ್ ಮಾಡಿ, “ಗಿಫ್ಟ್ ಅಂತ ಬರದ್ ಬಿಡ್ರಿ ಅಕ್ಕಾ, ಯಾರ್ ನೋಡ್ತಾರ” ಅಂದರು. “ಇಲ್ಲಣ್ಣಾ, ರೊಕ್ಕ ತಗೊಂಡು ಗಿಫ್ಟ್ ಅಂತ ಹ್ಯಾಂಗ್ ಬರೀಲಿ” ಅಂದೆ. ಉಡುಗೊರೆ ಅಂದರೆ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹಣ ತಗೊಳ್ಳದೆ ಕಳಿಸಿದ್ದು. ಅದಕ್ಕೂ ಮಿತಿ ಇದೆ: ಅಮೆರಿಕಕ್ಕೆ 100 ಡಾಲರ್, ಯುರೋಪಿಗೆ 45 ಯೂರೋ, ಬ್ರಿಟನ್ನಿಗೆ 39 ಪೌಂಡ್. ನಮ್ಮ ಸುರಾಹಿ ಇದರೊಳಗೆ ಬರೋದೇ ಇಲ್ಲ. ಬೆಲೆ ಕಡಿಮೆ ಬರೆಯೋದೂ ಅಷ್ಟೇ. ದಾರಿಯಲ್ಲಿ ಕಳೆದುಹೋದರೆ, ಜಜ್ಜಿದರೆ, ಬರೆದ ಬೆಲೆಗಿಂತ ಜಾಸ್ತಿ ಕೇಳೋಕೆ ಬಾಯಿ ಇರಲ್ಲ. ಬ್ಯಾಂಕಿಗೆ ಬಂದ ಹಣ ಒಂದು, ರಫ್ತಿನ ಕಾಗದದಲ್ಲಿರುವ ಮೊತ್ತ ಇನ್ನೊಂದು ಆದರೆ ಇಲ್ಲಿ ನಮಗೂ ತೊಂದರೆ. ಒಂದು ಡಬ್ಬಿಗೆ ದಿನಗಟ್ಟಲೆ ಕೂತು ಬೆಳ್ಳಿ ಕೂರಿಸಿದವರ ದುಡಿಮೆಯನ್ನು ನಾನೇ ಕಾಗದದ ಮೇಲೆ ಅರ್ಧ ಬೆಲೆಗೆ ಇಳಿಸಬೇಕಾ? ನನಗೆ ಮನಸ್ಸು ಬರಲ್ಲ.

ಅಮೆರಿಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು 800 ಡಾಲರ್‌ವರೆಗಿನ ಪಾರ್ಸಲ್‌ಗೆ ಅಲ್ಲಿ ಸುಂಕ ಇರಲಿಲ್ಲ. ನಮ್ಮಂಥವರು ಅಲ್ಲಿಗೆ ಧೈರ್ಯವಾಗಿ ಕಳಿಸುತ್ತಿದ್ದದ್ದೇ ಅದರಿಂದ. 2025ರ ಆಗಸ್ಟ್ 29ಕ್ಕೆ ಆ ವಿನಾಯಿತಿ ಎಲ್ಲ ದೇಶಗಳಿಗೂ ನಿಂತಿತು. ಸುಂಕ ಯಾರು, ಹೇಗೆ ವಸೂಲಿ ಮಾಡಬೇಕು ಅನ್ನೋದು ಸ್ಪಷ್ಟ ಇಲ್ಲದ್ದರಿಂದ ಆಗಸ್ಟ್ 25ರಿಂದಲೇ ಅಂಚೆ ಇಲಾಖೆ ಅಲ್ಲಿನ ಪಾರ್ಸಲ್ ಬುಕಿಂಗ್ ನಿಲ್ಲಿಸಿತ್ತು. ಅಕ್ಟೋಬರ್ 15ಕ್ಕೆ ಮತ್ತೆ ಶುರುವಾಯಿತು, ಆದರೆ ಹೊಸ ಪದ್ಧತಿಯಲ್ಲಿ. ಸುಂಕವನ್ನು ಬುಕ್ ಮಾಡುವಾಗಲೇ ಇಲ್ಲಿ ಕಟ್ಟಬೇಕು. ಇದಕ್ಕೆ ಡಿಡಿಪಿ ಅಂತಾರೆ. ಆಗ ದರ ಘೋಷಿತ ಬೆಲೆಯ ಶೇ. 50 ಇತ್ತು. 6,000 ರೂಪಾಯಿ ಡಬ್ಬಿಗೆ 3,000 ಸುಂಕ, ಅಂಚೆ ಖರ್ಚು ಬೇರೆ. ಎಷ್ಟೋ ಗಿರಾಕಿಗಳು ಅಲ್ಲೇ ಕೈಬಿಟ್ಟರು, ಅವರದೇನೂ ತಪ್ಪಿಲ್ಲ. ಉಳಿದವರಿಗೆ ಒಂದು ಅನುಕೂಲ ಆಯಿತು ಅನ್ನಲೇಬೇಕು: ಬಾಗಿಲಿಗೆ ಬಂದ ಮೇಲೆ ಮತ್ತೆ ಹಣ ಕೇಳುವವರಿಲ್ಲ. ದರ ಆಗಾಗ ಬದಲಾಗುತ್ತದೆ. ಆದ್ದರಿಂದ ಅಮೆರಿಕದ ಗಿರಾಕಿಗೆ ಹೇಳಿದ ಲೆಕ್ಕ ಬುಕ್ ಮಾಡುವ ದಿನದ ದರಕ್ಕೆ ಒಳಪಟ್ಟದ್ದು ಅಂತ ಮೊದಲೇ ಬರೆದುಕೊಡುತ್ತೇನೆ. ಬೆಳಿಗ್ಗೆ ದರ ನೋಡಿಕೊಂಡೇ ಅಂಚೆ ಕಚೇರಿಗೆ ಹೊರಡುತ್ತೇನೆ.

ಯುರೋಪಿನದು ಬೇರೆ ದಾರಿ. 22 ಯೂರೋವರೆಗಿದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೆ ಹೋಯಿತು. ಈಗ ಎಷ್ಟೇ ಚಿಕ್ಕ ವಸ್ತುವಾದರೂ ವ್ಯಾಟ್ ಇದೆ: ಜರ್ಮನಿಯಲ್ಲಿ ಶೇ. 19, ಐರ್ಲೆಂಡಿನಲ್ಲಿ 23, ಸ್ವೀಡನ್ನಿನಲ್ಲಿ 25. ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೆ 150 ಯೂರೋ ಒಳಗಿನದಕ್ಕೆ ಅವರೇ ಗಿರಾಕಿಯಿಂದ ವ್ಯಾಟ್ ತೆಗೆದುಕೊಂಡು, ಹಾಗೆ ತೆಗೆದುಕೊಂಡಿದ್ದಾರೆ ಅಂತ ತೋರಿಸುವ ಐಒಎಸ್‌ಎಸ್ ನಂಬರ್ ಕೊಡುತ್ತಾರೆ. ಆ ನಂಬರನ್ನು ಅಂಚೆಯ ಆನ್‌ಲೈನ್ ಫಾರಂನಲ್ಲಿ ತುಂಬಲೇಬೇಕು. ಬಿಟ್ಟರೆ ಗಿರಾಕಿ ಒಂದೇ ತೆರಿಗೆಯನ್ನು ಎರಡು ಸಲ ಕಟ್ಟಬೇಕಾಗಬಹುದು. ನೇರವಾಗಿ ನಮ್ಮಿಂದ ಕೊಂಡವರಿಗೆ, ವ್ಯಾಟ್ ಜೊತೆಗೆ ಅಲ್ಲಿನ ಅಂಚೆಯವರ ಹ್ಯಾಂಡ್ಲಿಂಗ್ ಫೀ ಕೂಡ ಬರುತ್ತದೆ ಅಂತ ಹೇಳಿಬಿಡುತ್ತೇನೆ. ಜನಕ್ಕೆ ತೆರಿಗೆಗಿಂತ ಈ ಫೀ ನೋಡಿದರೇ ಸಿಟ್ಟು ಜಾಸ್ತಿ. ನಮ್ಮ ಕಡೆಯ ಬಹಳ ಮಂದಿ ಗಲ್ಫ್‌ನಲ್ಲಿದ್ದಾರೆ. ಅಲ್ಲಿ ವ್ಯಾಟ್ ದುಬೈಯಲ್ಲಿ ಶೇ. 5, ಸೌದಿಯಲ್ಲಿ 15.

ನಮ್ಮ ಕಡೆಯ ಕಾಗದ ಅಷ್ಟೇನೂ ಕಷ್ಟ ಇಲ್ಲ. ಐಇಸಿ, ಅಂದರೆ ಆಮದು-ರಫ್ತು ಮಾಡುವವರ ನೋಂದಣಿ ನಂಬರ್ ಬೇಕು, ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಆನ್‌ಲೈನ್‌ನಲ್ಲಿ ದೃಢಪಡಿಸಬೇಕು, ಇಲ್ಲಾಂದ್ರೆ ನಿಷ್ಕ್ರಿಯ ಆಗುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರು ವರ್ಷಕ್ಕೊಮ್ಮೆ ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ರಫ್ತಿನ ಮೇಲೆ ಜಿಎಸ್‌ಟಿ ಕಟ್ಟದೆ ಕಳಿಸಬಹುದು. ರಫ್ತಿನ ಬಿಲ್ಲು, ಅಂದರೆ ಪಿಬಿಇ, ಈಗ ಅಂಚೆ ಇಲಾಖೆಯ ರಫ್ತು ಸೇವೆಯಾದ ಡಾಕ್ ಘರ್ ನಿರ್ಯಾತ್ ಕೇಂದ್ರದ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ತುಂಬಬಹುದು. ಹಿಂದಿನ ಹಾಗೆ ಬರೀ ಇದಕ್ಕೋಸ್ಕರ ದೊಡ್ಡ ಊರಿನ ಏಜೆಂಟರನ್ನು ಹಿಡಿಯಬೇಕಾಗಿಲ್ಲ.

ಆ ಪಿಬಿಇ ಪ್ರತಿ, ಇನ್‌ವಾಯ್ಸ್, ಅಂಚೆ ರಸೀದಿ, ಪ್ಯಾಕ್ ಮಾಡುವ ಮುಂಚಿನ ವಸ್ತುವಿನ ಫೋಟೋ, ಈ ನಾಲ್ಕನ್ನೂ ಒಂದೇ ಫೈಲಿನಲ್ಲಿ ಇಡುತ್ತೇನೆ. ಗಿರಾಕಿ ಸುಂಕ ಕಟ್ಟದೆ ಬಿಟ್ಟರೆ, ವಿಳಾಸ ಸಿಗದಿದ್ದರೆ, ಪಾರ್ಸಲ್ ವಾಪಸ್ ಬರುತ್ತದೆ. ಆಗ ಇದು ನಮ್ಮಿಂದಲೇ ಹೋದ ಸಾಮಾನು, ವಿದೇಶದಿಂದ ತರಿಸಿದ್ದಲ್ಲ ಅಂತ ಇಲ್ಲಿನ ಕಸ್ಟಮ್ಸ್‌ಗೆ ತೋರಿಸಬೇಕು. ತೋರಿಸಲು ಕಾಗದ ಇಲ್ಲದಿದ್ದರೆ ಬೀದರ್‌ನಲ್ಲೇ ಮಾಡಿದ ಡಬ್ಬಿಗೆ ಆಮದು ಸುಂಕ ಕೇಳುತ್ತಾರೆ.