ಔಟ್‌ಹೌಸಿಗೆ ವೈಫೈ: ರಿಪೀಟರ್ ಬೇಡ, ಕೇಬಲ್ ಎಳೆಯಿರಿ

ಮನೆಗೆ ಅಂಟಿಕೊಂಡೇ ಇರುವ ಔಟ್‌ಹೌಸಿನಲ್ಲಿ ವೈಫೈ ಸಿಗದಿದ್ದರೆ ಎಲ್ಲರೂ ಮೊದಲು ಬೈಯುವುದು ರೌಟರನ್ನು. ಹೆಚ್ಚಿನ ಕಡೆ ಅಡ್ಡ ನಿಂತಿರುವುದು ಗೋಡೆ. ಔಟ್‌ಹೌಸನ್ನು ಸಾಮಾನ್ಯವಾಗಿ ಆಮೇಲೆ ಕಟ್ಟಿಸಿರುತ್ತಾರೆ; ಹಾಗಾಗಿ ನಡುವೆ ಉಳಿಯುವುದು ಹಳೆಯ ಮನೆಯ ದಪ್ಪ ಹೊರಗೋಡೆ. ಅದು ಒಂಬತ್ತು ಇಂಚಿನ ಇಟ್ಟಿಗೆಯದ್ದಿರಬಹುದು, ಕರಾವಳಿಯಲ್ಲಾದರೆ ಕೆಂಪುಕಲ್ಲಿನದ್ದು. ಮಳೆಗಾಲದಲ್ಲಿ ಗೋಡೆ ನೀರು ಕುಡಿದರೆ ಸಿಗ್ನಲ್ ಇನ್ನಷ್ಟು ಕುಗ್ಗುತ್ತದೆ. ವೈಫೈ ಹರಿಯುವ ಎರಡು ಬ್ಯಾಂಡುಗಳಲ್ಲಿ 5 ಗಿಗಾಹರ್ಟ್ಸ್ ಇಂಥ ಗೋಡೆಗೆ ಬೇಗ ಸೋಲುತ್ತದೆ, 2.4 ಒಂದಿಷ್ಟು ನುಸುಳುತ್ತದೆ.

ಮೊದಲು ಅಳೆಯಿರಿ. ರೌಟರ್ ಪಕ್ಕದಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಅಲ್ಲೇ ವೇಗ ಇಲ್ಲದಿದ್ದರೆ ಮೊದಲು ಇಂಟರ್‌ನೆಟ್ ಕಂಪನಿಗೆ ದೂರು ಕೊಡಿ, ಗೋಡೆ ಕೊರೆಯುವ ಮಾತು ಆಮೇಲೆ. ಅಲ್ಲಿ ಸರಿಯಿದ್ದರೆ ಔಟ್‌ಹೌಸಿನ ಬಾಗಿಲು ಮುಚ್ಚಿ, ಕುಳಿತು ಕೆಲಸ ಮಾಡುವ ಜಾಗದಲ್ಲೇ ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ತೆರೆದು ಸಿಗ್ನಲ್ಲಿನ ಬಲ ಹೇಳುವ ಡಿಬಿಎಂ ಅಂಕಿ ನೋಡಿ. ಇದು ಮೈನಸ್ ಲೆಕ್ಕ: -50 ಇದ್ದರೆ ಚೆನ್ನಾಗಿದೆ ಎಂದರ್ಥ, -67ರವರೆಗೆ ವಿಡಿಯೊ ಕರೆ ನಡೆಯುತ್ತದೆ, -80 ದಾಟಿದರೆ ಸಂಪರ್ಕ ಕಡಿಯುತ್ತಲೇ ಇರುತ್ತದೆ.

ಖರ್ಚಿಲ್ಲದ ಉಪಾಯ ಮೊದಲು. ಟಿ.ವಿ. ಹಿಂದೆ, ಬೀರುವಿನ ಮೇಲೆ ಇಟ್ಟ ರೌಟರನ್ನು ಹೊರತೆಗೆದು ಔಟ್‌ಹೌಸಿನ ಕಡೆಗೆ, ಐದಾರು ಅಡಿ ಎತ್ತರದಲ್ಲಿಡಿ. ಫೈಬರ್ ತಂತಿಯನ್ನು ಮಾತ್ರ ನೀವೇ ಎಳೆದಾಡಬೇಡಿ; ಚೂಪಾಗಿ ಮಡಿಸಿದರೆ ಒಳಗಿನ ಗಾಜಿನ ಎಳೆ ಮುರಿದು ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತುತ್ತದೆ. ಕಂಪನಿಯ ಹುಡುಗನನ್ನು ಕರೆಸಿ.

ಇಷ್ಟರಲ್ಲಿ ಆಗದಿದ್ದರೆ ಅಂಗಡಿಯವರು ರಿಪೀಟರ್ ತೋರಿಸುತ್ತಾರೆ. ಅದನ್ನು ತಂದವರಲ್ಲಿ ಹೆಚ್ಚಿನವರು ಸಿಗ್ನಲ್ ಸಿಗದ ಕೋಣೆಯಲ್ಲೇ ಹಾಕುತ್ತಾರೆ. ಸೊರಗಿದ ಸಿಗ್ನಲ್ ಹಿಡಿದು ಅದನ್ನೇ ಮತ್ತೆ ಹರಡಿದರೆ ಫೋನಿನಲ್ಲಿ ಗೆರೆ ಪೂರ್ತಿ ಕಾಣುತ್ತದೆ, ಪುಟ ತೆರೆಯುವುದಿಲ್ಲ. ಒಂದೇ ಬ್ಯಾಂಡಿನ ರಿಪೀಟರ್ ಆದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಾಡಿಗೆ ಮನೆ, ಗೋಡೆ ಮುಟ್ಟುವಂತಿಲ್ಲ ಎಂದಾದರೆ ಮಾತ್ರ ತನ್ನಿ; -65ಕ್ಕಿಂತ ಕೆಳಗಿಳಿಯದ ಜಾಗದಲ್ಲಿ, ಗೋಡೆಯ ಈಚೆಗೇ ಹಾಕಿ. ಕರೆಂಟಿನ ತಂತಿಯಲ್ಲೇ ಇಂಟರ್‌ನೆಟ್ ಹರಿಸುವ ಪವರ್‌ಲೈನ್ ಅಡಾಪ್ಟರ್ ಔಟ್‌ಹೌಸಿಗೆ ಬೇರೆ ಮೀಟರ್ ಇದ್ದರೆ ನಂಬುವಂಥದ್ದಲ್ಲ.

ಸರಿಯಾದ ದಾರಿ ಮನೆಯ ರೌಟರಿನಿಂದ ಔಟ್‌ಹೌಸಿಗೆ ಎಳೆದ ಕೇಬಲ್. ಕ್ಯಾಟ್-6 ಎಂಬ ನೆಟ್‌ವರ್ಕ್ ಕೇಬಲ್ ತನ್ನಿ, ಅಳತೆಗಿಂತ ಮೂರು ಮೀಟರ್ ಹೆಚ್ಚೇ ಇರಲಿ. 100 ಮೀಟರಿನವರೆಗೆ ತೊಂದರೆಯಿಲ್ಲ. ಅಗ್ಗದ ಕೇಬಲ್ಲಿನಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಬಿಸಿಲಿಗೆ ಬೀಳುವ ಭಾಗಕ್ಕೆ ಕಪ್ಪು ಹೊದಿಕೆಯ ಹೊರಾಂಗಣ ಕೇಬಲ್ಲೇ ಆಗಬೇಕು.

ಕೇಬಲ್ಲಿನ ದಪ್ಪ ಸುಮಾರು 6 ಮಿ.ಮೀ. ತೂರಿಸಿದ ಮೇಲೆ ತುದಿಗೆ ಪ್ಲಗ್ ಕ್ರಿಂಪ್ ಮಾಡುವುದಾದರೆ (ಇಕ್ಕಳದಲ್ಲಿ ಒತ್ತಿ ಕೂರಿಸುವುದಾದರೆ) 10 ಮಿ.ಮೀ. ತೂತು ಸಾಕು, ಪ್ಲಗ್ ಇರುವ ರೆಡಿಮೇಡ್ ಕೇಬಲ್ ಆದರೆ 16 ಬೇಕಾಗುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ಕೊರೆಯಬೇಡಿ, ಕರೆಂಟಿನ ಪೈಪು ಅಲ್ಲೇ ಹೋಗಿರುತ್ತದೆ. ತೂತು ಮನೆಯಿಂದ ಬಯಲಿಗೆ ತೆರೆಯುವುದಾದರೆ ಹೊರಗಿನ ಬಾಯಿ ಸ್ವಲ್ಪ ತಗ್ಗಿರಲಿ, ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದು ಒಳಗಿಳಿಯುತ್ತದೆ. ಕರೆಂಟಿನ ತಂತಿಯ ಪೈಪಿನಲ್ಲಿ ಇದನ್ನು ತೂರಿಸಬೇಡಿ. ಬೇರೆ ಪಿವಿಸಿ ಪೈಪು ಹಾಕಿ, ಒಂದಡಿ ದೂರದಲ್ಲಿ ಒಯ್ಯಿರಿ.

ಕ್ರಿಂಪ್ ಮಾಡುವಾಗ ಎರಡೂ ತುದಿಯಲ್ಲಿ ಬಣ್ಣದ ಕ್ರಮ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟೆಸ್ಟರಿನಲ್ಲಿ ಎಂಟೂ ದೀಪ ಕ್ರಮವಾಗಿ ಹತ್ತಬೇಕು. ನೀಲಿ ಅಥವಾ ಕಂದು ಜೋಡಿ ಕೂಡಿರದಿದ್ದರೆ ಇಂಟರ್‌ನೆಟ್ ಬರುತ್ತದೆ, ಆದರೆ 100 ಎಂಬಿಪಿಎಸ್ ದಾಟುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಆಗದೆ ಉಳಿದುಬಿಡುತ್ತದೆ.

ಆಚೆ ತುದಿಗೆ, ಕೇಬಲ್ಲಿನಲ್ಲಿ ಬಂದ ಇಂಟರ್‌ನೆಟ್ಟನ್ನು ವೈಫೈಯಾಗಿ ಹರಡಲು, ಹೊಸ ಆ್ಯಕ್ಸೆಸ್ ಪಾಯಿಂಟೇ ಬೇಕೆಂದಿಲ್ಲ, ಮೂಲೆಯಲ್ಲಿ ಬಿದ್ದಿರುವ ಹಳೆಯ ರೌಟರ್ ಸಾಕು. ಸೆಟ್ಟಿಂಗ್ಸಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ, ಮುಖ್ಯ ರೌಟರಿನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಮುಖ್ಯ ರೌಟರ್ ಬೇರೆ ಸಾಧನಗಳಿಗೆ ಹಂಚುವ ವಿಳಾಸಗಳಲ್ಲಿ ಅದು ಸೇರಿರಬಾರದು. ಬಳಿಕ ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ (WAN) ಪೋರ್ಟಿಗಲ್ಲ, ಲ್ಯಾನ್ (LAN) ಪೋರ್ಟಿಗೆ ಚುಚ್ಚಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡೂ ರೌಟರ್ ವಿಳಾಸ ಹಂಚತೊಡಗುತ್ತವೆ. ಒಂದು ಫೋನಿನಲ್ಲಿ ಇಂಟರ್‌ನೆಟ್ ಇರುತ್ತದೆ, ಪಕ್ಕದ ಫೋನಿನಲ್ಲಿ ಇರುವುದಿಲ್ಲ.

ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಬೇರೆ. 2.4ರಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ. ಔಟ್‌ಹೌಸಿಗೆ ಬಂದ ಮೇಲೂ ಫೋನು ಮನೆಯ ಮುಖ್ಯ ರೌಟರನ್ನೇ ಹಿಡಿದುಕೊಂಡಿದ್ದರೆ ಆ ರೌಟರಿನ ಟ್ರಾನ್ಸ್‌ಮಿಟ್ ಪವರ್ ಒಂದು ಹಂತ ಇಳಿಸಿ. ಕರೆಂಟ್ ಹೋದಾಗ ಎರಡೂ ಕಡೆ ರೌಟರ್ ಯುಪಿಎಸ್ ಬೇಕು. ಕೊಳ್ಳುವ ಮೊದಲು ಅಡಾಪ್ಟರಿನ ವೋಲ್ಟ್ ಓದಿ. 9 ವೋಲ್ಟಿನ ರೌಟರಿಗೆ 12 ಕೊಟ್ಟರೆ ಅದು ಸುಟ್ಟೀತು.

ಕಟ್ಟಡ ಅಂಗಳದಾಚೆಗಿದ್ದು ಕೇಬಲ್ ಬಯಲಲ್ಲಿ ಹೋಗುವುದಾದರೆ ತಾಮ್ರ ಬೇಡ. ಮಲೆನಾಡು, ಕರಾವಳಿಯಲ್ಲಿ ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಅಂಥ ಕೇಬಲ್ ಎರಡೂ ತುದಿಯ ಪೋರ್ಟುಗಳನ್ನು ಸುಡುವ ದಾರಿಯಾಗುತ್ತದೆ. ಲೋಹದ ಎಳೆಯಿಲ್ಲದ ಫೈಬರ್ ಕೇಬಲ್ ಎಳೆದು ಎರಡು ತುದಿಗೆ, ಫೈಬರಿನ ಬೆಳಕನ್ನು ನೆಟ್‌ವರ್ಕ್ ಕೇಬಲ್ಲಿನ ಸಿಗ್ನಲ್ಲಿಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಹಾಕಿ. ಒಂದೇ ಎಳೆಯ ಫೈಬರಿಗೆ ಇವು ಎ, ಬಿ ಎಂದು ಜೋಡಿಯಾಗಿ ಬರುತ್ತವೆ. ಎರಡು ಎ ತಂದರೆ ಲಿಂಕ್ ದೀಪ ಹತ್ತುವುದಿಲ್ಲ.