ಅಂಗಡಿಯ ಟೆಂಟನ್ನ ನಮ್ಮೂರ ಪಾರೆಗೆ ಒಗ್ಗಿಸುವುದು ಹೇಗೆ

ಹೋದ ಡಿಸೆಂಬರಲ್ಲಿ ಅಕ್ಕನ ಮಗ ನಾಲ್ಕು ಜನ ಫ್ರೆಂಡ್ಸನ್ನ ಕಟ್ಕೊಂಡು ಬಂದು ನಮ್ಮ ಮನೆ ಹಿಂದಿನ ಪಾರೆಯಲ್ಲಿ, ಅಂದ್ರೆ ಕಲ್ಲು ಹಾಸಿನ ಬಯಲಲ್ಲಿ, ಟೆಂಟ್ ಹಾಕಿ ಮಲಗಿದ್ದ. ಬೆಳಗ್ಗೆ ಐದೂವರೆಗೆ ನಾನು ತೋಟಕ್ಕೆ ನೀರು ಬಿಡ್ಲಿಕ್ಕೆ ಅಂತ ಎದ್ರೆ ಎಲ್ಲ ಒದ್ದೆ ಬೆಕ್ಕಿನ ಹಾಗೆ ಜಗಲಿಯಲ್ಲಿ ಕೂತಿದ್ದಾರೆ. ಟೆಂಟ್ ಲೀಕ್ ಅಂತೆ, ಕಂಪೆನಿಯವ ಮೋಸ ಮಾಡಿದ ಅಂತೆ. ಅರೆ, ರಾತ್ರಿ ಮಳೆಯೇ ಬರ್ಲಿಲ್ಲವಲ್ಲ ಮಾರಾಯ ಅಂದೆ. ಹೋಗಿ ನೋಡಿದ್ರೆ ಟೆಂಟಿನ ಮೇಲೆ ಅಡಿಕೆ ಒಣಗಿಸುವ ಟರ್ಪಾಲನ್ನ ಕಂಬಳಿ ಹೊದಿಸಿದ ಹಾಗೆ ಹೊದಿಸಿ, ಜಿಪ್ಪೆಲ್ಲ ಎಳೆದು, ಒಳಗೆ ಐದು ಜನ. ಅದು ಮಳೆಯ ನೀರಲ್ಲ, ಅವರದ್ದೇ ಉಸಿರು. ಒಬ್ಬ ಮನುಷ್ಯ ರಾತ್ರಿ ಮಲಗಿದಲ್ಲಿ ಉಸಿರು, ಬೆವರು ಸೇರಿ ಹೆಚ್ಚುಕಡಿಮೆ ಒಂದು ಲೋಟ ನೀರು ಹೊರಗೆ ಬಿಡ್ತಾನೆ, ಐದು ಜನರದ್ದು ಲೆಕ್ಕ ಹಾಕಿ.

ಇಂಥದ್ದು ನೋಡಿ ನೋಡಿ ಸಾಕಾಗಿ ಇದನ್ನ ಬರೀತಾ ಇದ್ದೇನೆ. ನಮಗೆ ಎರಡು ಮೂರು ಸಾವಿರಕ್ಕೆ ಸಿಗುವ ಗುಮ್ಮಟದ ಟೆಂಟ್ ಉಂಟಲ್ಲ, ಅದನ್ನ ಡಿಸೈನ್ ಮಾಡಿದವ ಮೆತ್ತಗಿನ ಹುಲ್ಲುಗಾವಲನ್ನೂ ಹಿತವಾದ ಚಳಿಯನ್ನೂ ಮನಸಲ್ಲಿಟ್ಟು ಮಾಡಿದ್ದು. ಗೂಟ ಹೋಗದ ಮುರಕಲ್ಲು (ಜಂಬಿಟ್ಟಿಗೆ) ಪಾರೆ, ಅಡ್ಡಡ್ಡ ಹೊಡೆಯುವ ಮಳೆ ಎರಡೂ ಅವನ ಲೆಕ್ಕದಲ್ಲಿಲ್ಲ. ಅವ ಒಮ್ಮೆ ಜೂನಲ್ಲಿ ನಮ್ಮ ಕಾಸರಗೋಡಿನ ಬದಿಯಡ್ಕಕ್ಕೆ ಬಂದು ಅದರೊಳಗೆ ಮಲಗ್ಬೇಕು. ಬರ್ಲಿಕ್ಕಿಲ್ಲ, ಹಾಗಾಗಿ ರಿಪೇರಿ ನಾವೇ ಮಾಡ್ಕೊಳ್ಬೇಕು. ಕ್ಯಾರವಾನ್ ತಗೊಳ್ಳಿ ಅಂತ ಹೇಳುವವರೂ ಇದ್ದಾರೆ, ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಟೂರಿಸಂ ಯೋಜನೆಯನ್ನೂ ತಂತು, ಆದ್ರೆ ನಮ್ಮ ಮನೆಯ ದಾರಿಯಲ್ಲಿ ಆಟೋ ತಿರುಗಿಸ್ಲಿಕ್ಕೇ ಮಂಡೆಬಿಸಿ.

ಮೊದಲು ಅಂಗಳದಲ್ಲಿ ಒಮ್ಮೆ ಕಟ್ಟಿ ಪೈಪಲ್ಲಿ ನೀರು ಬಿಟ್ಟು ನೋಡಿ, ಅಷ್ಟೆ.

ಲೇಬಲ್ಲಿನಲ್ಲಿ 1500 ಎಂ.ಎಂ., 3000 ಎಂ.ಎಂ. ಅಂತ ಬರ್ದಿರ್ತದೆ. ನಮ್ಮ ಪಕ್ಕದ ಮನೆಯವ್ರು ಅದನ್ನ ನೋಡಿ, ಕಾಸರಗೋಡಲ್ಲಿ ವರ್ಷಕ್ಕೆ ಸುಮಾರು 3,500 ಎಂ.ಎಂ. ಮಳೆ ಬೀಳ್ತದೆ, ಹಾಗಾಗಿ ಇದು ಸಾಕಾಗ್ಲಿಕ್ಕಿಲ್ಲ ಅಂದಿದ್ರು. ಅದು ಮಳೆಯ ಲೆಕ್ಕ ಅಲ್ಲ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಂತ್ರೆ ಆಚೆಗೆ ಜಿನುಗ್ತದೆ ಅನ್ನುವ ಲೆಕ್ಕ. ಮಾಡಿಗೆ, ಅಂದ್ರೆ ಮೇಲಿನ ಚಾವಣಿಗೆ, 1500 ಧಾರಾಳ, ನೆಲಕ್ಕೆ ಮಾತ್ರ 3000 ಇರ್ಲಿ, ಯಾಕಂದ್ರೆ ಮೊಣಕಾಲು ಊರಿದಲ್ಲಿ ಒತ್ತಡ ಜಾಸ್ತಿ.

ಆಮೇಲೆ ಹೊಲಿಗೆ. ಬಟ್ಟೆ ಸೋರುದು ಕಡಿಮೆ, ಸೋರುದು ಸೂಜಿ ತೂತಿನಲ್ಲಿ. ಒಳಗಿನಿಂದ ಹೊಲಿಗೆ ನೋಡಿ, ಪಾರದರ್ಶಕ ಟೇಪು ಅಂಟಿಸಿದ್ರೆ ಸರಿ, ಇಲ್ಲದಿದ್ರೆ ಸೀಮ್ ಸೀಲರ್, ಅಂದ್ರೆ ಹೊಲಿಗೆಯ ತೂತು ಮುಚ್ಚುವ ಅಂಟು, ಬಳೀಬೇಕು. ಇಲ್ಲಿ ಒಂದು ತಪ್ಪು ಎಲ್ಲರೂ ಮಾಡ್ತಾರೆ. ನಮ್ಮ ಅಗ್ಗದ ಟೆಂಟುಗಳಿಗೆ ಹೆಚ್ಚಾಗಿ ಪಾಲಿಯುರೆಥೇನ್ ಲೇಪ, ಅದಕ್ಕೆ ಪಾಲಿಯುರೆಥೇನ್ ಸೀಲರೇ ಬೇಕು. ಬಾತ್‌ರೂಮಿಗೆ ಹಚ್ಚುವ ಸಿಲಿಕೋನ್ ಹಚ್ಚಿದ್ರೆ ಎರಡು ತಿಂಗಳಲ್ಲಿ ಸಿಪ್ಪೆ ಎದ್ದು ಬರ್ತದೆ. ಸಿಲಿಕೋನ್ ಲೇಪದ ದುಬಾರಿ ಟೆಂಟಾದ್ರೆ ಮಾತ್ರ ಸಿಲಿಕೋನ್. ಸೂಪರ್ ಗ್ಲೂ ಬೇಡವೇ ಬೇಡ, ಒಣಗಿ ಗಾಜಿನ ಹಾಗಾಗಿ ಮಡಚಿದಲ್ಲಿ ಒಡೀತದೆ. ಸ್ಪಿರಿಟಲ್ಲಿ ಒರೆಸಿ, ಹಳೆ ಟೂತ್‌ಬ್ರಶಲ್ಲಿ ತೆಳ್ಳಗೆ ಬಳಿದು, ಒಂದು ದಿನ ಬಿಟ್ಟು, ಮೇಲಿಂದ ಚೂರು ಪೌಡರ್ ಉದುರಿಸಿ. ಪೌಡರ್ ಯಾಕಂದ್ರೆ ಮಡಚಿಟ್ಟಾಗ ಒಂದಕ್ಕೊಂದು ಅಂಟ್ಬಾರ್ದು.

ನೆಲದ ಅಡಿಗೆ ಹಾಸುವ ಶೀಟು ಟೆಂಟಿನ ನೆಲಕ್ಕಿಂತ ನಾಲ್ಕೂ ಬದಿ ನಾಲ್ಕು ಬೆರಳು ಚಿಕ್ಕದಿರ್ಬೇಕು. ದೊಡ್ಡದಿದ್ರೆ ಒಳ್ಳೇದಲ್ವಾ ಅಂತ ಕೇಳ್ತಾರೆ. ಅಲ್ಲ. ಹೊರಗೆ ಇಣುಕಿದ ಶೀಟಿನ ಮೇಲೆ ಬಿದ್ದ ನೀರು ಸೀದಾ ನಿಮ್ಮ ಬೆನ್ನಿನಡಿಗೆ ಹೋಗ್ತದೆ, ಬಟ್ಟಲಲ್ಲಿ ಮಲಗಿದ ಹಾಗೆ.

ಈಗ ನಿಜವಾದ ಕೆಲಸ, ಮಾಡಿನದ್ದು. ಈ ಟೆಂಟುಗಳ ತಲೆಯ ಮೇಲೆ ಒಂದು ಟೊಪ್ಪಿ ಇರ್ತದೆ ನೋಡಿ, ಅಡಿಕೆ ಹಾಳೆಯ ಮುಟ್ಟಾಳೆಯಷ್ಟೇ ದೊಡ್ಡದು, ಬದಿಯ ಸೊಳ್ಳೆಬಲೆ ಕಿಟಕಿಗೆ ಅದು ತಲುಪುದೇ ಇಲ್ಲ. ಟೆಂಟ್ ಉಪಯೋಗಿಸುವವರು ಯಾರನ್ನ ಕೇಳಿದ್ರೂ ಬೇಕು ಅನ್ನುವ ಮೊದಲ ಬದಲಾವಣೆಯೇ ಇದು, ನೆಲದ ತನಕ ಇಳಿಯುವ ಹೊರಮಾಡು, ಮತ್ತೆ ಅದರಡಿಯಲ್ಲಿ ಗಾಳಿ ಆಡ್ಲಿಕ್ಕೆ ಜಾಗ. ಟರ್ಪಾಲನ್ನ ಸೀದಾ ಟೆಂಟಿನ ಮೇಲೆ ಹೊದಿಸಿದ್ರೆ ಮೊದಲನೇದು ಸಿಕ್ತದೆ, ಎರಡನೇದು ಲಗಾಡಿ. ಹಾಗಾಗಿ ಚಪ್ಪರ ಕಟ್ಬೇಕು.

ಎರಡು ಮರದ ನಡುವೆ ಎದೆಯೆತ್ತರಕ್ಕಿಂತ ಚೂರು ಮೇಲೆ ಹಗ್ಗ ಬಿಗೀರಿ, ಅದರ ಮೇಲೆ ಟರ್ಪಾಲು ಮಡಚಿ ಹಾಕಿ ಎರಡು ಬದಿಗೆ ಇಳಿಜಾರು ಮಾಡಿ, ಒಳಗೆ ಟೆಂಟು. ಟೆಂಟಿನ ನೆತ್ತಿಗೂ ಟರ್ಪಾಲಿಗೂ ಕಡಿಮೆ ಅಂದ್ರೆ ಒಂದು ಗೇಣು ಅಂತರ ಬೇಕು, ನಾನು ಎರಡು ಗೇಣು ಬಿಡ್ತೇನೆ. ಆಗ ಆ ಟೊಪ್ಪಿಯನ್ನ ತೆಗೆದೇ ಬಿಡಬಹುದು, ನೆತ್ತಿಯ ಬಲೆಯಿಂದ ಉಸಿರೆಲ್ಲ ಹೊರಗೆ ಹೋಗಿ ಒಳಗೆ ಒಂದು ಹನಿ ಕಟ್ಟುದಿಲ್ಲ, ಡಿಸೆಂಬರಿನ ಮಂಜು ಟರ್ಪಾಲಿನ ಮೇಲೆಯೇ ಬೀಳ್ತದೆ. ಮಳೆಗಾಳಿ ನಮಗೆ ಹೆಚ್ಚಾಗಿ ಪಡುವಣದಿಂದ, ಸಮುದ್ರದ ಕಡೆಯಿಂದ. ಹಾಗಾಗಿ ಆ ಬದಿಯ ಇಳಿಜಾರು ನೆಲಕ್ಕೆ ಮುಟ್ಟುವ ಹಾಗೆ ತಗ್ಗಿಸಿ, ಮೂಡು ಬದಿಯನ್ನ ಎತ್ತರಿಸಿ ಬಾಗಿಲು ಅತ್ತ ಇಡಿ, ಕೂತು ಚಾ ಕುಡೀಲಿಕ್ಕೆ ಒಂದು ಜಗಲಿಯೂ ಆಯ್ತು. ಒಳಗೆ ಮಾತ್ರ ಸ್ಟವ್ ಹಚ್ಲಿಕ್ಕಿಲ್ಲ, ಹೊಗೆ ಕಾಣದಿದ್ರೂ ಇಂಗಾಲದ ಮಾನಾಕ್ಸೈಡ್ ಜೀವ ತೆಗೀತದೆ.

ಇನ್ನೊಂದು ಸಣ್ಣ ಸಂಗತಿ, ಯಾರೂ ಹೇಳಿ ಕೊಡುದಿಲ್ಲ. ಮಳೆ ಬಂದಾಗ ಮರದಲ್ಲಿ ಇಳಿದ ನೀರು ಹಗ್ಗದ ಮೇಲೆ ಜಾರ್ತಾ ಟರ್ಪಾಲಿನಡಿಗೆ ಬಂದು ಸರೀ ಟೆಂಟಿನ ನೆತ್ತಿಗೆ ತೊಟ್ಟಿಕ್ಕುತ್ತದೆ. ಟರ್ಪಾಲು ಶುರುವಾಗುವ ಒಂದು ಗೇಣು ಮೊದಲೇ ಹಗ್ಗಕ್ಕೆ ಹಳೆ ಬೈರಾಸಿನ (ಟವೆಲಿನ) ತುಂಡು ಕಟ್ಟಿ ಜೋತು ಬಿಡಿ. ನೀರು ಅಲ್ಲಿಂದಲೇ ಕೆಳಗಿಳೀತದೆ.

ಮರ ಅಂದೆ, ತೆಂಗಿನ ಮರ ಅಲ್ಲ. ಅದರಡಿ ಟೆಂಟ್ ಹಾಕುವವರಿಗೆ ನಾನು ಬೇರೆಂತ ಹೇಳುದಿಲ್ಲ, ಮೇಲೆ ನೋಡಿ ಅಂತ ಮಾತ್ರ.

ಪಾರೆಯಲ್ಲಿ ಮರವೇ ಇಲ್ಲದಿದ್ರೆ ಎರಡು ಬಿದಿರು ಅಥವಾ ಅಡಿಕೆ ಸಲಾಕೆ ನಿಲ್ಲಿಸಿ. ಅದನ್ನ ಎಳೆದು ಕಟ್ಟುದು ಎಲ್ಲಿಗೆ? ಟೆಂಟಿನೊಟ್ಟಿಗೆ ಬಂದ ಆ ಪೆನ್ಸಿಲ್ ಕಡ್ಡಿಯಂಥ ಗೂಟಗಳು ಮುರಕಲ್ಲಿಗೆ ಎರಡು ಪೆಟ್ಟು ಹೊಡೆದ್ರೆ ಬಾಗಿ ಕೊಕ್ಕೆಯಾಗ್ತವೆ, ಕಣ್ವತೀರ್ಥ ಬೀಚಿನ ಹೊಯಿಗೆಯಲ್ಲಿ (ಮರಳಲ್ಲಿ) ಕಿರುಬೆರಳಲ್ಲಿ ಎಳೆದ್ರೆ ಬರ್ತವೆ. ಎರಡು ಕಡೆಗೂ ಅದು ಪ್ರಯೋಜನ ಇಲ್ಲ.

ಪಾರೆಗೆ ಕಲ್ಲೇ ಗೂಟ. ಆದ್ರೆ ಹಗ್ಗವನ್ನ ಕಲ್ಲಿಗೆ ಸುತ್ತಿ ಗಂಟು ಹಾಕ್ಬೇಡಿ, ಮುರಕಲ್ಲಿನ ಮೈ ಅರದ ಹಾಗೆ, ಗಾಳಿಗೆ ಉಜ್ಜಿ ಉಜ್ಜಿ ಬೆಳಗಾಗುವಾಗ ಹಗ್ಗ ತುಂಡು. ಹೀಗೆ ಮಾಡಿ: ಹಗ್ಗದ ತುದಿಯನ್ನ ಒಂದು ಗಟ್ಟಿ ಕೋಲಿನ ನಡುವಿಗೆ ಕಟ್ಟಿ, ಕೋಲನ್ನ ನೆಲದಲ್ಲಿ ಅಡ್ಡ ಮಲಗಿಸಿ, ಕೋಲಿಗೂ ಟೆಂಟಿಗೂ ನಡುವೆ ಹಗ್ಗದ ಮೇಲೆ ಒಂದು ಭಾರದ ಕಲ್ಲು ಇಡಿ. ಗಾಳಿ ಎಳೆದಾಗ ಕೋಲು ಕಲ್ಲಿನ ಹಿಂದೆ ಸಿಕ್ಕಿ ಬೀಳ್ತದೆ, ಎಳೆದಷ್ಟೂ ಬಿಗಿ. ಕಲ್ಲಿನಡಿಯ ಹಗ್ಗಕ್ಕೆ ಹಳೆ ಸೈಕಲ್ ಟ್ಯೂಬಿನ ತುಂಡು ತೊಡಿಸಿ. ಟ್ಯೂಬಿನ ಇನ್ನೊಂದು ತುಂಡನ್ನ ಬಳೆಯ ಹಾಗೆ ಕತ್ತರಿಸಿ ಟರ್ಪಾಲಿನ ಕಣ್ಣಿಗೂ ಹಗ್ಗಕ್ಕೂ ನಡುವೆ ಸಿಕ್ಕಿಸಿದ್ರೆ ಗಾಳಿಯ ಪೆಟ್ಟಿಗೆ ಅದು ಹಿಗ್ಗಿ ಕುಗ್ಗಿ ಕಣ್ಣು ಹರಿಯದ ಹಾಗೆ ನೋಡ್ಕೊಳ್ತದೆ. ಇದು ನನ್ನ ಫೇವರೆಟ್, ಖರ್ಚು ಸೊನ್ನೆ.

ಹೊಯಿಗೆಗೆ ಬೇರೆ ಉಪಾಯ. ಅಕ್ಕಿಚೀಲದಂಥ ಚೀಲಕ್ಕೆ ಹೊಯಿಗೆ ತುಂಬಿಸಿ, ಹಗ್ಗ ಕಟ್ಟಿ, ಒಂದು ಮೊಳ ಆಳದಲ್ಲಿ ಹುಗಿದು ಮೇಲಿಂದ ತುಳಿದು ಬಿಡಿ. ಹಗ್ಗ ಹೊರಗೆ ಬರುವ ಕಡೆ ಇಳಿಜಾರಾಗಿ ಸಣ್ಣ ಕಣಿ ತೋಡ್ಬೇಕು, ಹಗ್ಗ ನೆಟ್ಟಗೆ ಮೇಲಕ್ಕೆ ಬಂದ್ರೆ ಚೀಲವೂ ಹಿಂದೆಯೇ ಎದ್ದು ಬರ್ತದೆ. ಹೋಗುವಾಗ ಚೀಲ ಖಾಲಿ ಮಾಡಿ ತನ್ನಿ ಮಾರಾಯ್ರೆ, ಸಮುದ್ರಕ್ಕೆ ಬಿಡ್ಬೇಡಿ.

ಗಂಟು ಒಂದೇ ಕಲಿತ್ರೆ ಸಾಕು, ಜಾರಿಸಿ ಬಿಗಿ ಮಾಡುವಂಥದ್ದು. ಗೂಟವೋ ಮರವೋ ಸುತ್ತಿ ತಂದ ತುದಿಯನ್ನ ಬಿಗಿದ ಹಗ್ಗಕ್ಕೆ ಕುಣಿಕೆಯ ಒಳಬದಿ ಎರಡು ಸುತ್ತು, ಹೊರಬದಿ ಒಂದು ಸುತ್ತು ಹಾಕಿ ಎಳೀರಿ. ನೈಲಾನ್ ಹಗ್ಗ ಒದ್ದೆಯಾದ್ರೆ ಸಡಿಲ ಆಗ್ತದೆ, ಮಲಗುವ ಮೊದಲು ಒಮ್ಮೆ ಸುತ್ತು ಬಂದು ಎಲ್ಲ ಗಂಟು ಜಾರಿಸಿ ಬಿಗಿ ಮಾಡಿ. ಈ ಸುತ್ತು ಬರುದನ್ನ ಉದಾಸೀನ ಮಾಡಿದವರೇ ರಾತ್ರಿ ಎರಡು ಗಂಟೆಗೆ ಟಾರ್ಚ್ ಹುಡುಕುದು.

ತುಲಾ ತಿಂಗಳ ಮಳೆಯ ಹೊತ್ತಲ್ಲಿ, ಅಂದ್ರೆ ಅಕ್ಟೋಬರ್, ನವೆಂಬರಲ್ಲಿ, ಸಂಜೆ ಗುಡುಗು ಸಿಡಿಲು ಜಾಸ್ತಿ. ಪೊಸಡಿ ಗುಂಪೆಯಂಥ ಬೋಳುಗುಡ್ಡೆಯ ತುದಿಯಲ್ಲಿ ಆಗ ಎಂಥ ಒಳ್ಳೆ ಟೆಂಟಾದ್ರೂ ಬೇಡ. ಗುಡುಗು ಕೇಳಿದ ಕೂಡ್ಲೆ ಕೆಳಗಿಳಿದು ಮನೆಗೋ ಕಾರಿನೊಳಗೋ ಹೋಗಿ, ಟೆಂಟು ಹೋದ್ರೆ ಹೋಗ್ಲಿ.

ಒಳಗೆ ಲೈಟ್ ನೇತು ಹಾಕ್ಲಿಕ್ಕೆ, ಕನ್ನಡಕ ಇಡ್ಲಿಕ್ಕೆ ಜಾಗ ಇಲ್ಲ ಅನ್ನುವ ದೂರಿಗೆ ಟೈಲರಲ್ಲಿ ಹೇಳಿ ಒಂದು ಪಟ್ಟಿ, ಒಂದು ಕಿಸೆ ಹೊಲಿಸಿದ್ರೆ ಮುಗೀತು, ನೆಲಕ್ಕೂ ಮಾಡಿಗೂ ಮಾತ್ರ ಸೂಜಿ ತಾಗಿಸ್ಬಾರ್ದು. ಮೂವರ ಟೆಂಟು ಅಂದ್ರೆ ಇಬ್ಬರದ್ದು, ಇಬ್ಬರದ್ದು ಅಂದ್ರೆ ಒಬ್ಬನದ್ದು, ತಗೊಳ್ಳುವಾಗಲೇ ನೆನಪಿಡಿ.

ವಾಪಸ್ ಬಂದ ಮೇಲೆ ಒದ್ದೆ ಟೆಂಟನ್ನ ಹಾಗೇ ಚೀಲಕ್ಕೆ ತುರುಕಿ ಅಟ್ಟಕ್ಕೆ ಎಸೀಬೇಡಿ. ನಮ್ಮ ಕರಾವಳಿಯ ತೇವಕ್ಕೆ ಆ ಪಾಲಿಯುರೆಥೇನ್ ಲೇಪ ಕರಗಿ ಅಂಟಂಟಾಗಿ ವಾಂತಿಯ ವಾಸನೆ ಬರ್ತದೆ, ಮತ್ತೆ ಅದಕ್ಕೆ ಮದ್ದಿಲ್ಲ. ನೆರಳಲ್ಲಿ ಎರಡು ದಿನ ಒಣಗಿಸಿ, ಅದರ ಬಿಗಿ ಚೀಲದಲ್ಲಿ ಬೇಡ, ಹಳೆ ತಲೆದಿಂಬಿನ ಕವರಲ್ಲಿ ಸಡಿಲ ಹಾಕಿ ಗೋದ್ರೇಜಿನೊಳಗೆ ಇಡಿ. ಅಟ್ಟದಲ್ಲಿ ಇಟ್ಟದ್ದನ್ನ ನಮ್ಮಲ್ಲಿ ಇಲಿ ಒಂದೇ ಮಳೆಗಾಲದಲ್ಲಿ ಏಳು ಕಡೆ ತೂತು ಮಾಡಿ, ಉಳಿದದ್ದರಲ್ಲಿ ಮರಿ ಹಾಕಿತ್ತು.